ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ಯೂನಿಯನ್ ಸಿಗುತ್ತಾ?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕೂ ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೇ ಜಾರಿಗೆ ತಂದಿತು. 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಈ ಮೂರರ ಜಾಗಕ್ಕೂ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಯಾವುದೇ ಕೈಗಾರಿಕೆಯಲ್ಲಿ ಮುಷ್ಕರ ಹೂಡಬೇಕಾದರೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಒಂದೇ ದಿನ ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಲೇಆಫ್, ಕೆಲಸದಿಂದ ತೆಗೆಯೋದು, ಕಾರ್ಖಾನೆ ಮುಚ್ಚೋದು, ಇವಕ್ಕೆಲ್ಲ ಸರ್ಕಾರದ ಅನುಮತಿ ಬೇಕೆಂಬ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ.

ಈ ಬಗ್ಗೆ ಚರ್ಚೆಗಳು ಆಗಿವೆ, ಆಗಬೇಕು ಕೂಡ. ಆದರೆ ಅದೇ ಸಂಹಿತೆಯಲ್ಲಿರುವ ಒಂದು ಲೆಕ್ಕಾಚಾರದ ಬಗ್ಗೆ ಅಷ್ಟಾಗಿ ಮಾತಾಗಿಲ್ಲ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಶೇ. 51ರಷ್ಟು ಜನರ ಬೆಂಬಲ ಇರುವ ಸಂಘಕ್ಕೆ ಮಾತ್ರ ಮಾಲೀಕರ ಜೊತೆ ಮಾತುಕತೆಗೆ ಕೂರುವ ಏಕೈಕ ಸಂಘ ಎಂಬ ಮಾನ್ಯತೆ. ಯಾರಿಗೂ ಅಷ್ಟು ಬಲ ಇಲ್ಲದಿದ್ದರೆ, ಶೇ. 20 ದಾಟಿದ ಸಂಘಗಳು ಸೇರಿ ಒಂದು ಮಂಡಳಿ ಆಗುತ್ತೆ. ಅದಕ್ಕಿಂತ ಕೆಳಗಿದ್ದವರಿಗೆ ಆ ಮೇಜಿನಲ್ಲಿ ಕುರ್ಚಿ ಇಲ್ಲ. ಅಂದರೆ ಎಷ್ಟು ಜನ ಸದಸ್ಯರಿದ್ದಾರೆ, ಅವರು ಯಾರು, ಸೇರಬೇಕು ಅಂದುಕೊಂಡವರಿಗೆ ಸಂಘ ಸಿಗುತ್ತಾ ಅನ್ನೋದು ಇನ್ನು ಮುಂದೆ ಬದುಕು ಸಾವಿನ ಪ್ರಶ್ನೆ.

ಹಾಗಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಊರಿನ ಯಾವುದಾದರೂ ಕಾರ್ಖಾನೆಯ, ಸಾರಿಗೆ ಡಿಪೋದ ಅಥವಾ ಐಟಿ ಪಾರ್ಕಿನ ಹೆಸರು ಟೈಪ್ ಮಾಡಿ, ಪಕ್ಕದಲ್ಲಿ 'ಕಾರ್ಮಿಕ ಸಂಘ' ಅಂತ ಸೇರಿಸಿ ಹುಡುಕಿ. ಜಗತ್ತಿಗೆಲ್ಲ ವೆಬ್‌ಸೈಟ್ ಕಟ್ಟಿಕೊಡುವ ಬೆಂಗಳೂರಿನಲ್ಲೇ ಕೂತು ಹುಡುಕಿದರೂ ನಿಮಗೆ ಸಿಗೋದು ಹಳೆಯ ಪ್ರತಿಭಟನೆಯ ಸುದ್ದಿ, ಯಾರೋ ಹಾಕಿದ ಫೇಸ್‌ಬುಕ್ ಪೋಸ್ಟ್, ಬಹಳ ಆದರೆ ಮೂರು ವರ್ಷದಿಂದ ಯಾರೂ ಮುಟ್ಟದ ಒಂದು ಸೈಟು. ಇದು ತಾಂತ್ರಿಕ ಹಿಂದುಳಿಯುವಿಕೆ ಅಷ್ಟೇ ಅಲ್ಲ, ಸಂಘಟನೆಯ ಸಮಸ್ಯೆ.

ಉತ್ತರ ಕೊಡ್ತಿರೋರು ಯಾರು?

ಕೆಲಸ ಹೋಗುತ್ತೆ ಅನ್ನೋ ಭಯ ಬಂದಾಗ ಜನ ಮೊದಲು ಮಾಡೋದೇನು? ಯೂನಿಯನ್ ಆಫೀಸಿಗೆ ಹೋಗೋದಿಲ್ಲ, ಆ ಆಫೀಸ್ ಎಲ್ಲಿದೆ ಅಂತಲೇ ಬಹುತೇಕರಿಗೆ ಗೊತ್ತಿರೋದಿಲ್ಲ. ರಾತ್ರಿ ಮಲಗೋ ಮುಂಚೆ ಮೊಬೈಲ್ ತೆಗೆದು ಹುಡುಕ್ತಾರೆ. 'ರಾಜೀನಾಮೆ ಕೊಡು ಅಂತ ಒತ್ತಾಯ ಮಾಡಿದರೆ ಏನು ಮಾಡಬೇಕು', 'ಓಟಿ ದುಡ್ಡು ಎಷ್ಟು ಬರಬೇಕು', 'ಗ್ರಾಚ್ಯುಟಿ ಯಾವಾಗ ಸಿಗುತ್ತೆ'.

ಈ ಪ್ರಶ್ನೆಗಳಿಗೆ ಇಂಟರ್ನೆಟ್‌ನಲ್ಲಿ ಉತ್ತರ ಬೇಕಾದಷ್ಟಿದೆ. ಆದರೆ ಅದನ್ನು ಬರೆದವರು ಯಾರು ಅಂತ ನೋಡಿ. ಪೇರೋಲ್ ಸಾಫ್ಟ್‌ವೇರ್ ಮಾರುವ ಕಂಪನಿಗಳು, ಎಚ್‌ಆರ್ ಸಲಹಾ ಸಂಸ್ಥೆಗಳು, ಮಾಲೀಕರ ಪರ ವಕೀಲರ ಕಚೇರಿಗಳು. ಅವರ ಬರಹದ ಓದುಗ ಮಾಲೀಕ. ಕನಿಷ್ಠ ವೇತನದ ಪಟ್ಟಿ ಅವರ ಸೈಟಿನಲ್ಲಿ ಅಚ್ಚುಕಟ್ಟಾಗಿ ಇರುತ್ತೆ, ಇಂಗ್ಲಿಷಿನಲ್ಲಿ, 'ನಿಮ್ಮ ಸಂಸ್ಥೆ ದಂಡದಿಂದ ಪಾರಾಗುವುದು ಹೇಗೆ' ಎಂಬ ದೃಷ್ಟಿಯಲ್ಲಿ. ಕೊಡಬೇಕಾದ್ದನ್ನು ಕೊಡದಿದ್ದರೆ ಕಾರ್ಮಿಕ ಯಾವ ಕಚೇರಿಗೆ, ಯಾವ ಕಾಗದ ಹಿಡಿದು ಹೋಗಬೇಕು ಅಂತ ಅಲ್ಲಿ ಬರೆದಿರೋದಿಲ್ಲ. ಅದನ್ನು ಬರೆಯೋದು ಅವರ ಕೆಲಸವೂ ಅಲ್ಲ.

ಅದು ಸಂಘದ ಕೆಲಸ. ಸಂಘ ಅದನ್ನು ಮಾಡದಿದ್ದರೆ, ಅದೇ ಕಾನೂನನ್ನು ಕಾರ್ಮಿಕ ತನ್ನ ಮಾಲೀಕನ ಸಲಹೆಗಾರನ ಬಾಯಿಂದ ಕೇಳಿ ತಿಳಿಯಬೇಕಾಗುತ್ತೆ.

ಐಟಿ ವಲಯದ ಉದಾಹರಣೆ ನೋಡಿ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ, 2019ರಲ್ಲಿ, ಮತ್ತೆ 2024ರಲ್ಲಿ ಐದೈದು ವರ್ಷದ ವಿನಾಯಿತಿ ಕೊಟ್ಟಿತು. ವಿನಾಯಿತಿ ಪುಕ್ಕಟೆ ಆಗಿರಲಿಲ್ಲ. ಲೈಂಗಿಕ ಕಿರುಕುಳ ತಡೆ ಸಮಿತಿ ಇರಬೇಕು, ಮಾಲೀಕರು ಮತ್ತು ನೌಕರರ ಸಮಾನ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕು, ಶಿಸ್ತುಕ್ರಮ ಕೈಗೊಂಡರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ಇಷ್ಟು ವರ್ಷ ಕೆಲಸ ಮಾಡಿದ ಎಷ್ಟು ಜನ ಟೆಕ್ಕಿಗಳಿಗೆ ಈ ಷರತ್ತುಗಳ ಬಗ್ಗೆ ಗೊತ್ತಿತ್ತು? ರಾಜ್ಯದ ಐಟಿ ನೌಕರರ ಸಂಘವಾದ ಕೆಐಟಿಯು ಈ ವಿನಾಯಿತಿಯ ವಿರುದ್ಧ, 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾಪದ ವಿರುದ್ಧ ದನಿ ಎತ್ತಿದ್ದರಿಂದಲೇ ಹಲವರಿಗೆ ಇಂಥದ್ದೊಂದು ಕಾನೂನು ಇದೆ ಅಂತ ತಿಳಿದಿದ್ದು. ಈಗ ಮೂಲ ಕಾಯ್ದೆಯೇ ಬದಲಾಗಿದೆ. ಏನು ಉಳಿಯಿತು, ಏನು ಹೋಯಿತು ಅಂತ ಕನ್ನಡದಲ್ಲಿ, ನೌಕರರ ಕಡೆಯಿಂದ ವಿವರಿಸುವ ಪುಟ ಈಗಲಾದರೂ ಬೇಡವೇ?

417 ರೂಪಾಯಿಯ ಪಾಠ

ಮಾಹಿತಿಯ ಬೆಲೆ ಎಷ್ಟು ಅಂತ ತಿಳಿಯೋಕೆ ಗಾರ್ಮೆಂಟ್ ವಲಯದ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕರ್ನಾಟಕದಲ್ಲಿ ಬೆಲೆ ಏರಿಕೆಗೆ ತಕ್ಕಂತೆ ಪ್ರತಿ ಏಪ್ರಿಲ್ 1ರಿಂದ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಸೇರುತ್ತೆ. 2020ರ ಏಪ್ರಿಲ್‌ನಿಂದ ಸೇರಬೇಕಿದ್ದದ್ದು ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಹೇಳಿ ರಾಜ್ಯ ಸರ್ಕಾರ ಆ ಜುಲೈನಲ್ಲಿ ಅದನ್ನು ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಕಾರ್ಮಿಕರ ಪರ ನಿಂತಿತು. ಆದರೂ ದೊಡ್ಡ ದೊಡ್ಡ ಕಾರ್ಖಾನೆಗಳು ದುಡ್ಡು ಕೊಡಲಿಲ್ಲ.

ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಲೆಕ್ಕ ಹಾಕಿದ ಪ್ರಕಾರ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಈ ಹಣ ಬರಬೇಕಿತ್ತು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸ್ಥಳೀಯ ಸಂಘಗಳು ಬೀದಿಯಲ್ಲಿ, ಕೋರ್ಟಿನಲ್ಲಿ ಹೋರಾಡಿದವು. ಇತ್ತ ಕನ್ಸಾರ್ಟಿಯಂ ಯಾವ ಕಾರ್ಖಾನೆ ಯಾವ ವಿದೇಶಿ ಬ್ರಾಂಡಿಗೆ ಬಟ್ಟೆ ಹೊಲಿಯುತ್ತೆ ಅನ್ನೋದನ್ನು ಸಾರ್ವಜನಿಕವಾಗಿ ದಾಖಲಿಸಿತು. ಬ್ರಾಂಡುಗಳಿಗೆ ಮುಜುಗರ ಆಯ್ತು. 2022ರ ಆರಂಭದಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು.

ಇದರಿಂದ ಕಲಿಯಬೇಕಾದ್ದು ಎರಡು. ಒಂದು, ಪ್ರತಿ ಏಪ್ರಿಲ್‌ನಲ್ಲಿ 'ಈ ವರ್ಷ ನಿಮ್ಮ ಸಂಬಳದಲ್ಲಿ ಇಷ್ಟು ಸೇರಬೇಕು, ಪೇ ಸ್ಲಿಪ್ ತೆಗೆದು ನೋಡಿ' ಅಂತ ಹೇಳುವ ಒಂದೇ ಒಂದು ಪುಟ, ಎಲ್ಲರಿಗೂ ಕಾಣುವಂತೆ ಇದ್ದರೆ, ಮೋಸ ಮೊದಲ ತಿಂಗಳಲ್ಲೇ ಗೊತ್ತಾಗುತ್ತೆ. ಎರಡು, ಸಂಘದ ಪುಟವನ್ನು ಓದೋರು ಸದಸ್ಯರು ಮಾತ್ರ ಅಲ್ಲ. ಪತ್ರಕರ್ತರು ಓದ್ತಾರೆ, ವಕೀಲರು ಓದ್ತಾರೆ, ಲೇಬರ್ ಆಫೀಸರ್ ಓದ್ತಾರೆ, ಸಾವಿರಾರು ಮೈಲಿ ದೂರದಲ್ಲಿ ಆ ಬಟ್ಟೆ ಕೊಳ್ಳುವವರೂ ಓದ್ತಾರೆ. ದಿನಾಂಕ, ಅಂಕಿ, ಪತ್ರದ ಪ್ರತಿ ಸಮೇತ ದಾಖಲೆ ಇಟ್ಟುಕೊಂಡ ಸಂಘದ ಮಾತಿಗೆ ತೂಕ ಹೆಚ್ಚು.

ವಾಟ್ಸಾಪ್ ಗ್ರೂಪ್ ಇದೆಯಲ್ಲ, ಸಾಲದಾ?

ಈ ಪ್ರಶ್ನೆ ಎಲ್ಲ ಘಟಕದ ಸಭೆಯಲ್ಲೂ ಬರುತ್ತೆ, ತಪ್ಪಿಲ್ಲ. ನಾಳೆ ಬೆಳಗ್ಗೆ ಗೇಟ್ ಮೀಟಿಂಗ್ ಇದೆ ಅಂತ ಹೇಳೋಕೆ ವಾಟ್ಸಾಪ್‌ಗಿಂತ ವೇಗದ ದಾರಿ ಇನ್ನೊಂದಿಲ್ಲ. ಆದರೆ ಗ್ರೂಪಿನ ಒಳಗೆ ಬರಬೇಕಾದರೆ ಮೊದಲು ಒಳಗಿರುವ ಯಾರಾದರೂ ಪರಿಚಯ ಇರಬೇಕು. ನಿನ್ನೆ ಕೆಲಸಕ್ಕೆ ಸೇರಿದ, ಒಡಿಶಾದಿಂದಲೋ ರಾಯಚೂರಿನಿಂದಲೋ ಬಂದ ಹುಡುಗಿಗೆ ಯಾರ ಪರಿಚಯ ಇರುತ್ತೆ? ಅವಳಿಗೆ ಆ ಗ್ರೂಪು ಇದೆ ಅಂತಲೂ ಗೊತ್ತಾಗಲ್ಲ.

ಇನ್ನೊಂದು, ಗ್ರೂಪಿಗೆ ನೆನಪಿನ ಶಕ್ತಿ ಇಲ್ಲ. ಹಿಂದಿನ ವೇತನ ಒಪ್ಪಂದದ ಪ್ರತಿ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಎಲ್ಲೋ ಹೂತುಹೋಗಿರುತ್ತೆ. ಗರಿಷ್ಠ 1024 ಜನರ ಮಿತಿ ಬೇರೆ, ಹಾಗಾಗಿ ದೊಡ್ಡ ಕಾರ್ಖಾನೆಯಲ್ಲಿ ಮೂರ್ನಾಲ್ಕು ಗ್ರೂಪು, ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಇಲ್ಲ. ಎಲ್ಲಕ್ಕಿಂತ ಅಪಾಯ ಅಂದರೆ, ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಮ್ಯಾನೇಜ್‌ಮೆಂಟ್ ಕಡೆಯ ಒಬ್ಬ ಒಳಗಿದ್ದರೆ ಸಾಕು, ಎರಡು ಸ್ಕ್ರೀನ್‌ಶಾಟ್‌ನಲ್ಲಿ ಇಡೀ ಸಂಘದ ಪಟ್ಟಿ ಎಚ್‌ಆರ್ ಮೇಜಿನ ಮೇಲೆ.

ವಾಟ್ಸಾಪ್ ಕೂಗಿ ಕರೆಯೋಕೆ, ವೆಬ್‌ಸೈಟ್ ಹುಡುಕಿಕೊಂಡು ಬಂದವರಿಗೆ ಬಾಗಿಲು ತೆಗೆಯೋಕೆ. ಇವೆರಡರ ಕೆಲಸ ಬೇರೆ ಬೇರೆ.

ಹಾಗಾದರೆ ಅದರಲ್ಲಿ ಏನಿರಬೇಕು?

ಸಂಘದ ಸೈಟುಗಳನ್ನು ತೆರೆದರೆ ಸಾಮಾನ್ಯವಾಗಿ ಮೊದಲು ಕಾಣೋದು ನಾಯಕರ ಫೋಟೋ, ಆಮೇಲೆ ಸಂಘದ ಇತಿಹಾಸ, ಆಮೇಲೆ ಸಮ್ಮೇಳನದ ಉದ್ಘಾಟನೆಯ ಚಿತ್ರಗಳು. ನಾಯಕರಿಗೆ ಗೌರವ ಇರಲಿ, ಆದರೆ ಕೆಲಸ ಕಳೆದುಕೊಳ್ಳೋ ಭಯದಲ್ಲಿ ರಾತ್ರಿ ಹನ್ನೊಂದಕ್ಕೆ ಆ ಪುಟ ತೆರೆದವರಿಗೆ ಬೇಕಿರೋದು ಅದಲ್ಲ. ಒಂದು ಘಟಕದ ಸೈಟಿಗೆ ಐದು ಪುಟ ಸಾಕು.

ಮೊದಲನೆಯದು, 'ಈಗಲೇ ಸಹಾಯ ಬೇಕಾ?' ಯಾವ ನಂಬರಿಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯೊಳಗೆ ಫೋನ್ ಮಾಡಬೇಕು, ಅಷ್ಟರಲ್ಲಿ ಏನು ಮಾಡಬಾರದು. 'ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಅಲ್ಲೇ ರಾಜೀನಾಮೆ ಬರೆದುಕೊಡಬೇಡಿ, ಓದೋಕೆ ಸಮಯ ಕೇಳಿ' ಎಂಬ ಮೂರು ಸಾಲು ಎಷ್ಟೋ ಜನರ ಕೆಲಸ ಉಳಿಸಬಲ್ಲದು.

ಎರಡನೆಯದು, ಸಂಬಳದ ಪುಟ. ಈ ವರ್ಷದ ಕನಿಷ್ಠ ವೇತನ, ತುಟ್ಟಿಭತ್ಯೆ, ಓಟಿ ಲೆಕ್ಕ, ಪಿಎಫ್ ಮತ್ತು ಇಎಸ್‌ಐ ಕಡಿತ. ಪುಟದ ತಲೆಯಲ್ಲೇ 'ಕೊನೆಯ ಬಾರಿ ಸರಿಪಡಿಸಿದ್ದು' ಎಂದು ದಿನಾಂಕ. ಹಳೆಯ ಅಂಕಿ ಇರುವ ಪುಟ ಇಲ್ಲದಿರೋದಕ್ಕಿಂತ ಕೆಟ್ಟದ್ದು, ಯಾಕಂದ್ರೆ ಅದನ್ನು ನಂಬಿ ಸೂಪರ್‌ವೈಸರ್ ಹತ್ತಿರ ಜಗಳಕ್ಕೆ ಹೋದವರು ತಲೆ ತಗ್ಗಿಸಿ ಬರಬೇಕಾಗುತ್ತೆ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ಸ್ಫೋಟಗೊಂಡ ಸಿಟ್ಟಿನ ಮೂಲದಲ್ಲಿ ಇದ್ದದ್ದೂ ಸಂಬಳ ಮತ್ತು ಓಟಿಯ ಲೆಕ್ಕವೇ. ಆ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರಿಗೆ ಕೇಳೋಕೆ ಒಂದು ಸಂಘ ಇರಲಿಲ್ಲ.

ಮೂರನೆಯದು, ಒಪ್ಪಂದಗಳು. ಮಾಲೀಕರ ಜೊತೆ ಸಹಿ ಆದ ಪ್ರತಿ ಒಪ್ಪಂದದ ಪೂರ್ತಿ ಪಠ್ಯ, ಮೇಲೆ ಹತ್ತು ಸಾಲಿನ ಸಾರಾಂಶ. ನಾಲ್ಕನೆಯದು, ಕಾನೂನು ಏನು ಹೇಳುತ್ತೆ ಅನ್ನೋದು, ಪ್ರಶ್ನೋತ್ತರದ ರೂಪದಲ್ಲಿ. ಉದಾಹರಣೆಗೆ, 2025ರ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಪ್ರಕಾರ ಆ್ಯಪ್ ಕಂಪನಿಗಳು ಕಾರಣವನ್ನು ಲಿಖಿತವಾಗಿ ಕೊಟ್ಟು, 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. 'ನನ್ನ ಐಡಿ ಬ್ಲಾಕ್ ಆಗಿದೆ, ಏನು ಮಾಡಲಿ?' ಅಂತ ಕೇಳುವ ಡೆಲಿವರಿ ಹುಡುಗನಿಗೆ ಕಾಯ್ದೆಯ ಹೆಸರು ಗೊತ್ತಿರಲ್ಲ. ಅವನು ಕೇಳುವ ಮಾತಲ್ಲೇ ಪುಟದ ಶೀರ್ಷಿಕೆ ಇರಬೇಕು.

ಐದನೆಯದು ಲೆಕ್ಕಪತ್ರ. ಎಷ್ಟು ಚಂದಾ ಬಂತು, ಎಷ್ಟು ಖರ್ಚಾಯ್ತು. 1926ರ ಕಾಯ್ದೆಯ ಕಾಲದಿಂದಲೂ ಸದಸ್ಯರಿಗೆ ಸಂಘದ ಲೆಕ್ಕದ ಪುಸ್ತಕ ನೋಡುವ ಹಕ್ಕು ಇತ್ತು. ಆದರೆ ಹೋಗಿ ಕೇಳುವ ಧೈರ್ಯ ಎಷ್ಟು ಜನಕ್ಕೆ ಇರುತ್ತೆ? 'ಯೂನಿಯನ್‌ನವರು ದುಡ್ಡು ತಿಂತಾರೆ' ಅನ್ನೋದು ಮ್ಯಾನೇಜ್‌ಮೆಂಟ್ ಹರಡುವ ಅತಿ ಹಳೆಯ, ಅತಿ ಯಶಸ್ವಿ ಮಾತು. ಖಜಾಂಚಿ ವರ್ಷಕ್ಕೊಮ್ಮೆ ಒಂದು ಪುಟ ಹಾಕಿದರೆ ಆ ಮಾತಿನ ಹಲ್ಲು ಕಿತ್ತಂತೆ.

ನುಡಿಯಲ್ಲಿ ಟೈಪ್ ಮಾಡಿದ್ದು ಹುಡುಕಿದರೆ ಸಿಗಲ್ಲ

ಇಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ಸಂಘಗಳ ಹಳೆಯ ಸುತ್ತೋಲೆ, ಕರಪತ್ರ, ಮನವಿಗಳೆಲ್ಲ ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆ ಫಾಂಟ್‌ಗಳಲ್ಲಿ ಟೈಪ್ ಆಗಿವೆ. ಅವು ಯುನಿಕೋಡ್ ಅಲ್ಲ. ವೆಬ್‌ಸೈಟಿಗೆ ಅಂಟಿಸಿದರೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದಕ್ಕೇ ಎಲ್ಲರೂ ಸುಲಭದ ದಾರಿ ಹಿಡಿದು, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕ್ತಾರೆ, ಇಲ್ಲವೇ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕ್ತಾರೆ.

ಪರಿಣಾಮ? ಚಿತ್ರದೊಳಗಿನ ಅಕ್ಷರವನ್ನು ಹುಡುಕಿ ತೆಗೆಯೋದು ಕಷ್ಟ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಲ್ಲ. ಒಡಿಯಾ ಅಥವಾ ಹಿಂದಿ ಮಾತಾಡುವ ಕಾರ್ಮಿಕರು ಒಂದು ಬಟನ್ ಒತ್ತಿ ಅನುವಾದ ಮಾಡಿ ನೋಡೋಕೂ ಆಗಲ್ಲ. ದಿನದ ಡೇಟಾ ಮುಗಿದುಹೋಗಿರುವ ಹಳೆ ಮೊಬೈಲಿನಲ್ಲಿ ಆ ಭಾರದ ಫೈಲು ತೆರೆಯೋದೂ ಇಲ್ಲ.

ಪರಿಹಾರ ಕಷ್ಟದ್ದಲ್ಲ. ಹಳೆ ಫಾಂಟ್‌ನಿಂದ ಯುನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ. ಬದಲಾಯಿಸಿ, ಒತ್ತಕ್ಷರ ಎಲ್ಲಿ ಕೆಟ್ಟಿದೆ ಅಂತ ಒಮ್ಮೆ ಓದಿ ತಿದ್ದಿ, ಮಾಮೂಲಿ ಪಠ್ಯವಾಗಿ ಹಾಕಬೇಕು. ಸಹಿ ಇರುವ ಮೂಲ ಪ್ರತಿಯ ಪಿಡಿಎಫ್ ಕೆಳಗೆ ಇರಲಿ. ಬೆಂಗಳೂರು, ಬಿಡದಿ, ದೊಡ್ಡಬಳ್ಳಾಪುರದಂಥ ಕಡೆ ಸಹಾಯದ ಪುಟ ಕನ್ನಡದ ಜೊತೆಗೆ ಹಿಂದಿ, ಒಡಿಯಾ, ತಮಿಳು, ತೆಲುಗಿನಲ್ಲೂ ಇರಲಿ. ಇದನ್ನು ಭಾಷಾ ರಾಜಕಾರಣ ಅಂತ ನೋಡಬೇಕಿಲ್ಲ. ಪಕ್ಕದ ಮಿಷನ್‌ನಲ್ಲಿ ಕೂತವಳು ಸಂಘಕ್ಕೆ ಸೇರದಿದ್ದರೆ ನಿಮ್ಮ ಶೇ. 51 ತುಂಬೋದು ಹೇಗೆ?

ಸದಸ್ಯರ ಪಟ್ಟಿ ಯಾರ ಕೈಲಿದೆ?

ಈಗ ಅತಿ ಸೂಕ್ಷ್ಮದ ವಿಷಯ. 'ಆನ್‌ಲೈನ್‌ನಲ್ಲೇ ಸದಸ್ಯರಾಗಿ' ಅಂತ ಒಂದು ಗೂಗಲ್ ಫಾರ್ಮ್ ಹಾಕೋದು ಐದು ನಿಮಿಷದ ಕೆಲಸ. ಹೆಸರು, ಫೋನು, ಕಂಪನಿ, ವಿಭಾಗ, ಜೊತೆಗೆ 'ಇರಲಿ' ಅಂತ ಆಧಾರ್ ನಂಬರ್. ತುಂಬಿದ್ದೆಲ್ಲ ಒಂದು ಶೀಟಿಗೆ ಹೋಗುತ್ತೆ, ಆ ಶೀಟಿನ ಲಿಂಕ್ ಹತ್ತು ಜನರ ಹತ್ತಿರ ಇರುತ್ತೆ. ಅದು ಸೋರಿದ ದಿನ ಸಂಘಕ್ಕೆ ಸೇರಿದ ಪ್ರತಿಯೊಬ್ಬರೂ ಗುರಿ.

ಯುರೋಪಿನ ಜಿಡಿಪಿಆರ್ ಕಾನೂನು ಯೂನಿಯನ್ ಸದಸ್ಯತ್ವವನ್ನು ಆರೋಗ್ಯ, ಧರ್ಮ, ರಾಜಕೀಯ ನಿಲುವಿನ ಹಾಗೆ ವಿಶೇಷ ರಕ್ಷಣೆ ಬೇಕಾದ ಮಾಹಿತಿ ಅಂತ ಪರಿಗಣಿಸುತ್ತೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಅಂಥ ಪ್ರತ್ಯೇಕ ವರ್ಗವೇ ಇಲ್ಲ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಹಾಗಾಗಿ ಕಾನೂನು ಕಾಪಾಡುತ್ತೆ ಅಂತ ಕೂರದೆ ಸಂಘವೇ ಶಿಸ್ತು ಹಾಕಿಕೊಳ್ಳಬೇಕು.

ಫಾರ್ಮಿನಲ್ಲಿ ಹೆಸರು, ಫೋನ್ ನಂಬರ್, ಕೆಲಸದ ಜಾಗ ಇಷ್ಟೇ ಕೇಳಿ. ಆಧಾರ್ ಬೇಡ. ಉಳಿದದ್ದನ್ನು ಎದುರಾಎದುರು ಕೂತು, ರಸೀದಿ ಕೊಟ್ಟು ಬರೆದುಕೊಳ್ಳಿ. ಪಟ್ಟಿ ತೆರೆಯುವ ಅಧಿಕಾರ ಇಬ್ಬರು ಮೂವರಿಗೆ ಮಾತ್ರ, ಎರಡು ಹಂತದ ಲಾಗಿನ್ ಕಡ್ಡಾಯ. ಪದಾಧಿಕಾರಿ ಬದಲಾದ ದಿನವೇ ಪಾಸ್‌ವರ್ಡ್ ಬದಲಾಗಲಿ. ಸೈಟಿನಲ್ಲಿ ಜಾಹೀರಾತು ಕಂಪನಿಗಳ ಟ್ರ್ಯಾಕರ್ ಹಾಕಬೇಡಿ. 'ಈ ಪುಟವನ್ನು ಕಂಪನಿಯ ಲ್ಯಾಪ್‌ಟಾಪ್ ಅಥವಾ ಕಂಪನಿಯ ವೈಫೈನಲ್ಲಿ ತೆರೆಯಬೇಡಿ' ಅಂತ ಮೇಲೆ ಬರೆದಿರಲಿ. ಪ್ರತಿಭಟನೆಯ ಫೋಟೋ ಹಾಕೋ ಮುಂಚೆ ಅದರಲ್ಲಿ ಮುಖ ಕಾಣುವವರನ್ನು ಕೇಳಿ. ಗುತ್ತಿಗೆ ನೌಕರಳ ಮುಖವನ್ನು ಮುಖಪುಟದಲ್ಲಿ ಹಾಕಿ, ಮುಂದಿನ ತಿಂಗಳು ಅವಳ ಗುತ್ತಿಗೆ ಮುಂದುವರಿಯದಿದ್ದರೆ ಹೊಣೆ ಯಾರು?

ಕೀಲಿ ಒಬ್ಬರ ಜೇಬಿನಲ್ಲಿ ಬೇಡ

ಸಂಘದ ಸೈಟುಗಳು ಸಾಯೋ ರೀತಿ ಬಹುತೇಕ ಒಂದೇ. ಸಮ್ಮೇಳನದ ಸಮಯದಲ್ಲಿ ಯಾರದೋ ಅಣ್ಣನ ಮಗ ಉತ್ಸಾಹದಿಂದ ಮಾಡಿಕೊಡ್ತಾನೆ. ಡೊಮೈನ್ ಅವನ ಹೆಸರಲ್ಲಿ, ಓಟಿಪಿ ಅವನ ನಂಬರಿಗೆ. ಎರಡು ವರ್ಷಕ್ಕೆ ಅವನಿಗೆ ಬೇರೆ ಊರಲ್ಲಿ ಕೆಲಸ ಸಿಗುತ್ತೆ. ನವೀಕರಣದ ಮೇಲ್ ಯಾರೂ ನೋಡಲ್ಲ. ಒಂದು ದಿನ ಸಂಘದ ವಿಳಾಸ ಹಾಕಿದರೆ ಆನ್‌ಲೈನ್ ಜೂಜಿನ ಪುಟ ತೆರೆದುಕೊಳ್ಳುತ್ತೆ.

ಇದು ದುಡ್ಡಿಲ್ಲದೆ ಆಗೋ ಅನಾಹುತ ಅಲ್ಲ. ಡೊಮೈನ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಸಾಕು, ಐದು ಪುಟದ ಸರಳ ಸೈಟನ್ನು ಉಚಿತವಾಗಿಯೇ ಇಡಬಹುದು. ಇಲ್ಲದಿರೋದು ವ್ಯವಸ್ಥೆ. ಡೊಮೈನ್ ಸಂಘದ ಹೆಸರಲ್ಲಿ, ಸಂಘದ ಇಮೇಲ್‌ನಲ್ಲಿ ಇರಬೇಕು. ಖರ್ಚು ಬಜೆಟ್ಟಿನಲ್ಲಿ ಒಂದು ಸಾಲಾಗಬೇಕು. ಮಹಾಸಭೆಯಲ್ಲಿ ಖಜಾಂಚಿಯನ್ನು ಆರಿಸುವ ಹಾಗೆ ಸೈಟಿನ ಹೊಣೆಗೂ ಇಬ್ಬರನ್ನು ಆರಿಸಬೇಕು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು, ಒಬ್ಬರಾದರೂ ಶಾಪ್ ಫ್ಲೋರ್‌ನವರು. ಏನು ಬರೆಯಬೇಕು ಅನ್ನೋದನ್ನು ಕಾರ್ಯಕಾರಿ ಸಮಿತಿ ನಿರ್ಧರಿಸಲಿ. ಆದರೆ ಪ್ರತಿ ಅಲ್ಪವಿರಾಮಕ್ಕೂ ಅಧ್ಯಕ್ಷರ ಒಪ್ಪಿಗೆ ಕಾಯುವ ಹಾಗಿದ್ದರೆ ಯಾವ ಪುಟವೂ ಹೊಸದಾಗಲ್ಲ.

ವೆಬ್‌ಸೈಟ್ ಸಂಘ ಕಟ್ಟಲ್ಲ, ನಿಜ

2016ರ ಏಪ್ರಿಲ್ 18, 19 ನೆನಪಿಸಿಕೊಳ್ಳಿ. ಪಿಎಫ್ ಹಣ ತೆಗೆಯೋಕೆ ನಿರ್ಬಂಧ ಹಾಕಿದ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ, ಯಾವ ವೆಬ್‌ಸೈಟೂ ಇರಲಿಲ್ಲ. ಎರಡನೇ ದಿನ ಕೇಂದ್ರ ಸರ್ಕಾರ ಆ ಆದೇಶವನ್ನು ವಾಪಸ್ ತಗೊಂಡಿತು. ಹಾಗಾದರೆ ಇಷ್ಟೆಲ್ಲ ಮಾತು ಯಾಕೆ ಅಂತ ಹಿರಿಯ ಸಂಗಾತಿಗಳು ಕೇಳಬಹುದು. ಸಂಘ ಕಟ್ಟೋದು ಗೇಟಿನಲ್ಲಿ, ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ವಠಾರದಲ್ಲಿ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಎರಡು ದಿನ ಮುಗಿದ ಮೇಲೆ ಏನಾಯ್ತು ಅನ್ನೋದನ್ನೂ ನೋಡಬೇಕು. ಪೊಲೀಸರು ಕೇಸು ಹಾಕಿದರು. ಬೀದಿಗಿಳಿದವರು ಮರುದಿನ ಅದೇ ಮಿಷನ್‌ಗಳ ಮುಂದೆ ಹೋಗಿ ಕೂತರು. ಅಷ್ಟು ದೊಡ್ಡ ಅಲೆಯಲ್ಲಿ ಎದ್ದು ಬಂದವರನ್ನು ಹಿಡಿದಿಟ್ಟುಕೊಳ್ಳುವ, 'ಮುಂದೆ ಏನಾದರೂ ಆದರೆ ಇಲ್ಲಿಗೆ ಬನ್ನಿ' ಅಂತ ಹೇಳುವ ಒಂದು ಖಾಯಂ ವಿಳಾಸ ಅವರಲ್ಲಿ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. ಸಿಟ್ಟು ಎರಡು ದಿನದಲ್ಲಿ ಏಳುತ್ತೆ, ಸದಸ್ಯತ್ವ ಹಾಗೆ ಬೆಳೆಯಲ್ಲ. ಹೊಸ ಸಂಹಿತೆ ಕೇಳ್ತಿರೋದು ಸದಸ್ಯತ್ವವನ್ನು.

ಇದನ್ನು ಓದ್ತಿರುವವರಲ್ಲಿ ಕೋಡ್ ಬರೆಯೋರು, ಡಿಸೈನ್ ಮಾಡೋರು, ಕಾನೂನು ಓದ್ತಿರೋರು, ಎರಡು ಭಾಷೆ ಸಲೀಸಾಗಿ ಬಲ್ಲವರು ಇದ್ದೀರಿ. ನಿಮ್ಮ ಹತ್ತಿರದ ಯಾವುದಾದರೂ ಸಂಘದ ಕಚೇರಿಗೆ ಒಂದು ಭಾನುವಾರ ಹೋಗಿ. ಅದು ಪೌರಕಾರ್ಮಿಕರದ್ದೋ, ಆಶಾ ಅಕ್ಕಂದಿರದ್ದೋ, ಗಾರ್ಮೆಂಟ್‌ನವರದ್ದೋ, ನಿಮ್ಮದೇ ಐಟಿ ಸಂಘವೋ ಆಗಬಹುದು. 'ನಿಮಗೊಂದು ಸೈಟ್ ಮಾಡಿಕೊಡ್ತೀನಿ' ಅಂತ ಶುರು ಮಾಡಬೇಡಿ. ಕಳೆದ ತಿಂಗಳು ನಿಮಗೆ ಬಂದ ಫೋನ್‌ಗಳಲ್ಲಿ ಜನ ಹೆಚ್ಚು ಕೇಳಿದ ಹತ್ತು ಪ್ರಶ್ನೆ ಯಾವುವು ಅಂತ ಕಾರ್ಯದರ್ಶಿಯನ್ನು ಕೇಳಿ, ಬರೆದುಕೊಳ್ಳಿ. ಅದಕ್ಕೆ ಉತ್ತರವನ್ನು ಅವರ ಜೊತೆ ಕೂತು, ಕೇಳಿದವರ ಮಾತಲ್ಲೇ ಬರೆಯಿರಿ. ಪಾಸ್‌ವರ್ಡನ್ನು ಅವರ ಕೈಗೆ ಕೊಟ್ಟು, ತಿದ್ದೋದು ಹೇಗೆ ಅಂತ ಇಬ್ಬರಿಗೆ ಕಲಿಸಿ ಬನ್ನಿ. ಮುಂದಿನ ಏಪ್ರಿಲ್ 1ಕ್ಕೆ ಸಂಬಳದ ಪುಟದಲ್ಲಿ ಹೊಸ ಅಂಕಿ ಬಂದಿದೆಯಾ ಅಂತ ಒಮ್ಮೆ ತೆರೆದು ನೋಡಿ. ನಿಮ್ಮ ಸಹಾಯವಿಲ್ಲದೆ ಅವರೇ ಹಾಕಿದ್ದರೆ, ಆ ಸಂಘಕ್ಕೆ ವಿಳಾಸ ಸಿಕ್ಕಿದೆ ಅಂತ ಅರ್ಥ.